ತೊಟ್ಟಿಲ ಪದ ಕಾರು ಹತ್ತಿತು

ಮುಂಬೈಯ ಭಾಂಡುಪ್ ಸ್ಟೇಷನ್ನಿನ ಹೊರಗೆ ರಿಕ್ಷಾ ಹತ್ತಿ ಕೂತಿದ್ದೆ. ಸ್ಪೀಕರಿನಲ್ಲಿ ಢಂ ಢಂ ಎಂದು ಹಿಂದಿ ಹಾಡೊಂದು ಶುರುವಾಯಿತು. ನನ್ನದು ಕರಿ ಕಾರು, ಉದ್ದನೆಯ ಕಾರು, ನೋಡಿ ಹೊಟ್ಟೆ ಉರಿದುಕೊಳ್ಳಿ ಎಂಬಂಥ ಹಾಡು. ಇಲ್ಲಿ ಇಂಥವು ದಿನಕ್ಕೊಂದು ಹುಟ್ಟುತ್ತವೆ. ಆದರೆ ಧಾಟಿ ಕಿವಿಗೆ ಬಿದ್ದದ್ದೇ ಸ್ಪೀಕರಿನ ಕಡೆ ಬಾಗಿ ಕಿವಿಗೊಟ್ಟೆ. ಅದು ನನ್ನ ಅವ್ವನ ಜೋಗುಳ.

ಗದಗಿನ ಕಡೆಯ ನಮ್ಮೂರಲ್ಲಿ ಅವ್ವ ನನ್ನ ತೊಟ್ಟಿಲಿಗೆಂದೇ ಕಟ್ಟಿದ ಪದ. ಸೋದರಮಾವ ಬಿಳಿ ಎತ್ತಿನ ಗಾಡಿ ಹೂಡಿಕೊಂಡು ಬರುತ್ತಾನೆ, ಬೆಳ್ಳಿ ಗೆಜ್ಜೆ ತರುತ್ತಾನೆ, ಅಳಬೇಡ ಎಂದು ಅದರ ಅರ್ಥ. ನಿಜ ಹೇಳಬೇಕೆಂದರೆ ಮಾವನಿಗೆ ಎತ್ತೂ ಇರಲಿಲ್ಲ, ಗಾಡಿಯೂ ಇರಲಿಲ್ಲ; ಪಾಪ, ನಡೆದೇ ಬರುತ್ತಿದ್ದ. ಆಸೆಪಡುವುದನ್ನು ಮುಂಬೈಯೇನೂ ನಮಗೆ ಹೊಸದಾಗಿ ಕಲಿಸಲಿಲ್ಲ.

ಗಂಡನಿಗೆ ವಿಕ್ರೋಳಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಒಂದೊಂದೇ ಕೋಣೆಯ ಮನೆಗಳ ಈ ಚಾಲ್‌ಗೆ ಬಂದಾಗ ನನಗೆ ಬರುತ್ತಿದ್ದ ಹಿಂದಿ, ಎಷ್ಟು ಎಂದು ಕೇಳುವ ‘ಕಿತ್ನಾ’ ಒಂದೇ. ಊರಲ್ಲಿ ಪಕ್ಕದ ಮನೆಯವರನ್ನು ಕೂಗಿ ಕರೆಯಬೇಕು. ಇಲ್ಲಿ ಪಕ್ಕದವರು ಒಗ್ಗರಣೆ ಹಾಕಿದರೆ ನಮಗೆ ಸೀನು. ಆ ಪಕ್ಕದ ಕೋಣೆಯವನೇ ವಿನೋದ. ಹಿರಿಯರು ನಮ್ಮ ಕಡೆಯವರು, ಅವನು ಇಲ್ಲೇ ಹುಟ್ಟಿ ಬೆಳೆದವನು. ಹಗಲು ಮೊಬೈಲ್ ಅಂಗಡಿ, ಸಂಜೆ ಕಂಪ್ಯೂಟರಿನಲ್ಲಿ ಹಾಡು ಕಟ್ಟುವ ಹುಚ್ಚು. ಅವನಿಗೆ ಮಗಳು ಹುಟ್ಟಿದಾಗ ನಮ್ಮ ಬಾಗಿಲಿಗೆ ಬಂದ.

“ಅಕ್ಕಾ, ನನ್ಗೆ ಬೆಹೆನ್ ಇಲ್ಲ. ನೀವೇ ಅತ್ತೆ ಆಗಿ. ನಾಮ್ ನೀವೇ ಇಡ್ಬೇಕು.”

ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆ. ಆಗ ಹೆಂಗಸರೆಲ್ಲ ಸೇರಿ ಅವಳ ಬೆನ್ನಿಗೆ ಗುದ್ದಬೇಕು. ಮರಾಠಿಯವರಲ್ಲೂ ಇದೇ ಪದ್ಧತಿಯೆಂದು ನನಗೆ ಗೊತ್ತಾದದ್ದು ಅಂದೇ. ಅಕ್ಕಪಕ್ಕದವರು ಮನಸಾರೆ ಗುದ್ದಿದರು. ಬೆನ್ನು ನೊಂದರೂ, ಈ ಊರಿನಲ್ಲಿ ನನಗೂ ಒಬ್ಬ ತಮ್ಮ ಸಿಕ್ಕ ಎಂದು ಕಣ್ಣು ತುಂಬಿತು. ಆ ಖುಷಿಯಲ್ಲೇ ಅವ್ವನ ಪದ ಹಾಡಿದೆ. ವಿನೋದ ಮೊಬೈಲ್ ಹಿಡಿದು ನಿಂತಿದ್ದ. ನೆನಪಿಗೆ ಇಟ್ಟುಕೊಳ್ಳುತ್ತಾನೆ ಅಂದುಕೊಂಡೆ.

ರಿಕ್ಷಾ ಇಳಿದವಳು ನೇರ ಅವನ ಬಾಗಿಲಿಗೆ ಹೋಗಿ, ಆ ಕಾರಿನ ಹಾಡು ನೀನೇ ಕಟ್ಟಿದ್ದೇನೋ ಎಂದು ಕೇಳಿದೆ.

“ಟ್ಯೂನ್ ಪುರಾನಾ ಅಲ್ವಾ ಅಕ್ಕಾ? ಜಾನಪದ ಅದು. ಯಾರ್ದೂ ಇರಲ್ಲ.”

“ನಮ್ಮವ್ವ ಕಟ್ಟಿದ್ದೋ ತಮ್ಮಾ! ನನ್ನ ಒಂದ್ ಮಾತ್ ಕೇಳಬಾರದಿತ್ತೇನು?”

ಅವನು ನಕ್ಕ. ಮುಂದೆ ಹಾಡು ಮನೆಮಾತಾದಾಗ ಯಾವುದೋ ವಿಡಿಯೋದಲ್ಲಿ, ಈ ಧಾಟಿ ತನ್ನ ಅಜ್ಜಿಯದೆಂದು ಹೇಳಿದ. ಯಾರದೂ ಅಲ್ಲದ್ದು ಅವನ ಅಜ್ಜಿಯದಾಯಿತು! ನಂಬಿಸಿ ಕುತ್ತಿಗೆ ಕೊಯ್ಯುವುದೆಂದರೆ ಇದೇ. ಹಾಡಿನಲ್ಲಿ ಮೆರೆದ ಕಾರು ಬಾಡಿಗೆಯದು. ನಮ್ಮ ಗಲ್ಲಿಯಲ್ಲಿ ಎರಡು ಛತ್ರಿ ಎದುರಾದರೆ ಒಂದನ್ನು ಮಡಚಬೇಕು. ಅಲ್ಲಿನ ಮಕ್ಕಳೆಲ್ಲ ಆ ಕಾರಿನ ಹಾಡು ಹೇಳಿಕೊಂಡು ಕುಣಿಯುತ್ತವೆ. ಅವ್ವನ ಗಾಡಿಯಲ್ಲಿ ಮಾವನಿದ್ದ. ಇವನ ಕಾರಿನಲ್ಲಿ ನಾನು, ನಾನು, ನಾನು ಬಿಟ್ಟರೆ ಬೇರೆ ಯಾರೂ ಇಲ್ಲ.

ತಂಗಿಯ ಮೊಮ್ಮಗನ ತೊಟ್ಟಿಲಿಗೆಂದು ಊರಿಗೆ ಹೋದೆ. ಪದ ಎತ್ತಿದ್ದೇ ತಡ, ಹುಡುಗಿಯರು ಕಿಸಕ್ಕನೆ ನಕ್ಕರು. “ಮುಂಬೈ ಅಜ್ಜಿ ಕಾರಿನ ಹಾಡು ಹಾಡಾಕತ್ತಾಳ!” ತಂಗಿ ನಗಲಿಲ್ಲ. ನನ್ನನ್ನು ಒಳಗೆ ಕರೆದು, “ಅವ್ವನ ಪದಾ ಎಷ್ಟಕ್ಕ ಮಾರಿದೆಕ್ಕಾ?” ಎಂದಳು. ಆಣೆ ಮಾಡಿದರೂ ನಂಬಲಿಲ್ಲ. ಅಲ್ಲಿ ನಾನು ಮಾರಿಕೊಂಡವಳು, ಇಲ್ಲಿ ಕಳೆದುಕೊಂಡವಳು.

ವಾಪಸು ಬಂದ ಸಂಜೆ ವಿನೋದನ ಮಗಳು ಓಡಿಬಂದು ತೊಡೆಯೇರಿದಳು. “ಅತ್ತೆ, ಗಾಡಿ ಹಾಡು.”

ಇಲ್ಲಿನವರಿಗೆ ಗಾಡಿಯೆಂದರೆ ಕಾರು. “ನಿಮ್ಮಪ್ಪನ ಕೇಳ್ ಹೋಗವಾ.”

“ಪಪ್ಪಾದು ನಕೋ. ಮಾಮಾ ಬರ್ತಾನಲ್ಲ, ಅದು.”

ಎರಡು ಕೋಣೆಗಳ ನಡುವೆ ಇರುವುದು ಒಂದು ತೆಳ್ಳನೆಯ ಗೋಡೆ, ಅದರಾಚೆ ವಿನೋದ. ಮಗುವನ್ನು ಮಲಗಿಸಲು ಅಷ್ಟು ಗಟ್ಟಿಯಾಗಿ ಹಾಡಬೇಕಿರಲಿಲ್ಲ. ಹಾಡಿದೆ.