ಬೆನ್ನ ಹಿಂದಿನ ಎರಡು ಸ್ಪೀಕರ್

ಕಳೆದ ಶನಿವಾರ ಬೆಳಿಗ್ಗೆ ನಾನು ಡೈನಿಂಗ್ ಟೇಬಲಿನ ಕುರ್ಚಿ ಹತ್ತಿ, ಹಾಲ್‌ನ ಹಿಂದಿನ ಗೋಡೆಗೆ ಕಿವಿ ಒತ್ತಿಕೊಂಡು ನಿಂತಿದ್ದೆ. ಅದೇ ಹೊತ್ತಿಗೆ ಅಂಚೆಯವರು ಬಂದರು. ಕಿಟಕಿಯಿಂದ ಇಣುಕಿ ನೋಡಿದರು. ಆಮೇಲೆ ಬಹಳ ಮೆಲ್ಲಗೆ, ಮಾಸ್ಟ್ರು ಆರಾಮ ಇದ್ದೀರಲ್ಲ ಎಂದು ವಿಚಾರಿಸಿದರು.

ನಾನು ಆರಾಮ, ಸ್ಪೀಕರಿಗೆ ಹುಷಾರಿಲ್ಲ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ನಮ್ಮ ತೋಡಾರಿನ ಮನೆಯಲ್ಲಿ ಒಂದು ಹೋಂ ಥಿಯೇಟರ್ ಉಂಟು. (‘ಇದೆ’ ಎಂದು ಬರೆಯಬೇಕಂತೆ. ನನ್ನ ಕೈಗೆ ‘ಉಂಟು’ ಎಂದೇ ಬರುವುದು. ಈ ಅಂಕಣದ ಸಂಪಾದಕರು ತಿದ್ದಿ ತಿದ್ದಿ ಸೋತಿದ್ದಾರೆ.) ಟಿವಿಯ ಆಚೆ ಈಚೆ ಎರಡು ಸ್ಪೀಕರ್, ಕೆಳಗೆ ಒಂದು, ಮೂಲೆಯಲ್ಲಿ ಗುಡುಗುವ ಡಬ್ಬ ಒಂದು. ಇನ್ನೆರಡು ಹಿಂದಿನ ಗೋಡೆಯ ಮೇಲೆ, ಅಡುಗೆಮನೆ ಬಾಗಿಲಿನ ಎರಡೂ ಬದಿಗೆ. ನಡುವೆ ಸೋಫಾ. ಸೋಫಾದಲ್ಲಿ ನಾನು. ಸಿನಿಮಾದಲ್ಲಿ ಯಾರಾದರೂ ಹಿಂದಿನಿಂದ ನಡೆದು ಬಂದರೆ ನಮ್ಮ ಬೆನ್ನ ಹಿಂದೆಯೇ ಹೆಜ್ಜೆ ಸದ್ದು ಕೇಳಬೇಕು. ಆ ಎರಡು ಸ್ಪೀಕರ್ ಇರುವುದೇ ಅದಕ್ಕೆ.

ಕೇಳುವುದಿಲ್ಲ. ತಂದು ಆರು ವರ್ಷವಾಯಿತು. ಒಂದು ದಿನವೂ ಕೇಳಿಲ್ಲ.

ಆರು ವರ್ಷ ಸುಮ್ಮನಿದ್ದವರಿಗೆ ಈಗ ಎಂಥ ಅವಸರ? ನನ್ನ ಹೆಂಡತಿ ಸುಜಾತ ಈ ಪ್ರಶ್ನೆ ಕೇಳಿಯಾಗಿದೆ. ಅವಸರ ಉಂಟು. ಆ ಸ್ಪೀಕರ್‌ಗಳ ಸದ್ದು ನನಗೆ ಕೇಳದಿದ್ದರೂ ನನ್ನ ಅಕ್ಕನಿಗೆ ಕೇಳುತ್ತಿತ್ತು. ಅಕ್ಕ ಹೋಗಿ ಮೊನ್ನೆಗೆ ಒಂದು ವರ್ಷ.

ಅಕ್ಕ ಎಂದರೆ ಲೀಲಾ ಟೀಚರ್. ಮುಂಡಾಜೆಯ ಅಂಗನವಾಡಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು. ನನಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವಳು. ಮದುವೆಯಾಗಲಿಲ್ಲ. ನನ್ನನ್ನು ಓದಿಸಿದಳು, ಬಿ.ಎಡ್. ಮಾಡಿಸಿದಳು, ಮನೆ ಕಟ್ಟುವಾಗ ನಿಂತು ಕಟ್ಟಿಸಿದಳು. ನಿವೃತ್ತಳಾದ ಮೇಲೆ ನಮ್ಮ ಮನೆಗೆ ಬಂದಳು. ನಾನೂ ಸುಜಾತಳೂ ಇಬ್ಬರೂ ಶಾಲೆಗೆ ಹೋಗುವವರು. ಹಗಲಿಡೀ ಅವಳಿಗೆ ಹೊತ್ತು ಹೋಗಲಿ ಎಂದು ನಾನು ಈ ಹೋಂ ಥಿಯೇಟರ್ ತಂದದ್ದು. ತಂದುಕೊಟ್ಟರೆ ನಮ್ಮ ಕರ್ತವ್ಯ ಮುಗಿಯಿತಲ್ಲ?

ಆದರೆ ಅಕ್ಕ ಸೋಫಾದಲ್ಲಿ ಕೂತವಳೇ ಅಲ್ಲ. ಅಡುಗೆಮನೆ ಬಾಗಿಲಿಗೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಲ್ಲೇ ಕೂರುತ್ತಿದ್ದಳು. ಅಂಗನವಾಡಿಯ ಅಭ್ಯಾಸ. ಅಲ್ಲಿದ್ದದ್ದು ಒಂದೇ ಕೋಣೆ, ಅದಕ್ಕೆ ತಾಗಿದ ಅಡುಗೆ ಜಾಗ. ಒಂದು ಕಣ್ಣು ಮಕ್ಕಳ ಮೇಲೆ, ಇನ್ನೊಂದು ಒಲೆಯ ಮೇಲಿನ ಉಪ್ಪಿಟ್ಟಿನ ಮೇಲೆ. ಎರಡೂ ಕಾಣುವುದು ಬಾಗಿಲಲ್ಲಿ ಕೂತರೆ ಮಾತ್ರ. ಮೂವತ್ತು ವರ್ಷ ಹಾಗೆ ಕೂತವಳನ್ನು ಸೋಫಾಕ್ಕೆ ಕರೆದರೆ ಬರುತ್ತಾಳೆಯೇ? ಅಲ್ಲಿ ಕೂತರೆ ನಿದ್ದೆ ಬರ್ತದೆ ಎನ್ನುತ್ತಿದ್ದಳು.

ಹೋಂ ಥಿಯೇಟರ್ ಬಂದು ತಿಂಗಳಾಗಿರಬೇಕು. ಒಂದು ಸಂಜೆ ಯಾವುದೋ ಸಿನಿಮಾ ಬರುತ್ತಿತ್ತು. ಅಕ್ಕ ತಟ್ಟನೆ ಎದ್ದಳು. ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಬೆಲ್ಲ, ಒಂದು ಚೆಂಬು ನೀರು ತಂದು, ಹಿಂಬಾಗಿಲು ತೆರೆದು ನಿಂತಳು. (ನಮ್ಮ ಕಡೆ ಬಂದವರಿಗೆ ಮೊದಲು ಬೆಲ್ಲ ನೀರು. ಮಾತು ಆಮೇಲೆ.) ಹೊರಗೆ ಯಾರೂ ಇಲ್ಲ. ಎಂಥದು ಅಕ್ಕ ಎಂದು ಕೇಳಿದೆ. ಯಾರೋ ಹಿಂದಿನಿಂದ ನಡೆದು ಬಂದ ಸದ್ದು ಕೇಳಿತಲ್ಲ ಎಂದಳು. ಆಮೇಲೆ ಟಿವಿ ನೋಡಿ ಅವಳಿಗೇ ಗೊತ್ತಾಯಿತು. ಸಿನಿಮಾದೊಳಗೆ ಒಬ್ಬ ಹೀರೋನ ಹಿಂದೆ ಕಳ್ಳ ಹೆಜ್ಜೆ ಇಟ್ಟು ಬರುತ್ತಿದ್ದ. ಖಳನಾಯಕನಿಗೆ ಬೆಲ್ಲ ನೀರು!

ನಕ್ಕೆವು. ಅಕ್ಕನೂ ನಕ್ಕಳು. ನಗು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಏಕೆಂದರೆ ನಾನು ವಿಜ್ಞಾನದ ಮೇಷ್ಟ್ರು.

ನನಗೆ ಹಿಂದಿನಿಂದ ಒಂದು ಸದ್ದೂ ಕೇಳಿರಲಿಲ್ಲ. ನನ್ನ ಕಿವಿ ಸರಿ ಉಂಟು. ಹಾಗಾದರೆ ಅಕ್ಕನಿಗೆ ಕೇಳಿದ್ದು ಭ್ರಮೆ. ಎಷ್ಟು ಸುಲಭದ ಲೆಕ್ಕ! ಆಮೇಲೆ ಅವಳು ಹಿಂದೆ ಬೈಕ್ ಬಂತು ಎಂದಾಗ, ಹಕ್ಕಿ ಕೂಗಿತು ಎಂದಾಗ, ಅಕ್ಕ ನಿನ್ನ ಕಿವಿಯೊಳಗೆ ಹಕ್ಕಿ ಗೂಡು ಕಟ್ಟಿದೆ ಎನ್ನುತ್ತಿದ್ದೆ. ಒಂದು ದಿನ ಒತ್ತಾಯ ಮಾಡಿ ಬಿ.ಸಿ. ರೋಡಿಗೆ ಕರೆದುಕೊಂಡು ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿದೆ. ಅವರು ಪರೀಕ್ಷೆ ಮಾಡಿ, ಪ್ರಾಯಕ್ಕೆ ಹೋಲಿಸಿದರೆ ಇವರ ಕಿವಿ ಚುರುಕೇ ಉಂಟು ಎಂದರು. ನನಗೆ ಸಮಾಧಾನವಾಗಲಿಲ್ಲ. ಕಿವಿ ಸರಿಯಿದ್ದರೆ ತೊಂದರೆ ತಲೆಯಲ್ಲಿರಬೇಕು ಎಂದು ಸುಜಾತಳ ಹತ್ತಿರ ಪಿಸುಗುಟ್ಟಿದೆ.

ಅಷ್ಟಕ್ಕೇ ನಿಲ್ಲಿಸಿದೆನೇ? ಬೆಲ್ಲ ನೀರಿನ ಕಥೆಯನ್ನು ಇದೇ ಅಂಕಣದಲ್ಲಿ ಬರೆದೆ. ಹಳಬರಿಗೆ ನೆನಪಿರಬಹುದು. ಫೋನ್ ಮಾಡಿ ನಕ್ಕಿರಿ. ನಿಮ್ಮ ಅಕ್ಕನ ಬಗ್ಗೆ ಇನ್ನೂ ಬರೆಯಿರಿ ಎಂದಿರಿ. ಅಕ್ಕ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಚಂದ ಬರೆದಿದ್ದಿ ಎಂದಳು. ಪತ್ರಿಕೆ ಮಡಿಸಿಟ್ಟು ಒಳಗೆ ಹೋದಳು. ಬೇಜಾರಾಗಿತ್ತೇ? ಕೇಳಲಿಲ್ಲ ನಾನು.

ಆಗಾಗ ಆ ಕುರ್ಚಿಯಿಂದ ಒಂದು ಕರೆ ಬರುತ್ತಿತ್ತು. “ಇಡೆ ಬಲ.” ತುಳುವಿನಲ್ಲಿ, ಇಲ್ಲಿ ಬಾ ಎಂದು. ಇಲ್ಲಿ ಬಂದು ಕೂತು ಕೇಳು ಎಂದು. ನನ್ನ ತೊಡೆಯ ಮೇಲೆ ಉತ್ತರಪತ್ರಿಕೆಯ ಕಟ್ಟು ಇರುತ್ತಿತ್ತು, ಇಲ್ಲವೇ ಈ ಅಂಕಣ. ಬಂದೆ ಅಕ್ಕ, ಈಗ ಬಂದೆ ಎನ್ನುತ್ತಿದ್ದೆ. ತಲೆ ಎತ್ತದೆ.

ಅವಳು ಹೋದ ಮೇಲೆ ಹೋಂ ಥಿಯೇಟರ್ ಹಾಕಲು ನಮ್ಮಿಬ್ಬರಿಗೂ ಮನಸ್ಸು ಬರಲಿಲ್ಲ. ಮೊನ್ನೆ ವರ್ಷದ ಕಾರ್ಯ ಮುಗಿಯಿತು. ಬಂದ ನೆಂಟರು ಹೊರಟುಹೋದರು. ಬೇಸಿಗೆ ರಜೆ ಬೇರೆ. ಮನೆ ಭಣಭಣ. ಬೆಲ್ಲ ನೀರಿನ ದಿನದ ಅದೇ ಸಿನಿಮಾ ಹುಡುಕಿ ಹಾಕಿದೆ. ಕಳ್ಳ ಹೆಜ್ಜೆಯ ಜಾಗ ಬಂತು. ಹೋಯಿತು. ಹಿಂದಿನಿಂದ ಏನೂ ಕೇಳಲಿಲ್ಲ. ಅಕ್ಕನಿಗೆ ಕೇಳಿದ ಆ ಹೆಜ್ಜೆ ನನಗೂ ಕೇಳಬೇಕು ಎನಿಸಿತು. ಒಮ್ಮೆಯಾದರೂ. ಅವಳಿಗೆ ನಿಜವಾಗಿ ಕೇಳಿತ್ತೋ, ಅಲ್ಲ ಭ್ರಮೆಯೋ? ಅದು ಗೊತ್ತಾಗದೆ ನನಗೆ ಸಮಾಧಾನ ಇಲ್ಲ.

ಶುರುವಾಯಿತು ರಿಪೇರಿ. ವೈರ್ ಬಿಚ್ಚಿ, ತುದಿ ಕೆರೆದು, ಕೆಂಪಿಗೆ ಕೆಂಪು ಕಪ್ಪಿಗೆ ಕಪ್ಪು ಸಿಕ್ಕಿಸಿದೆ. ಹಿಂದಿನ ಸ್ಪೀಕರ್ ಮುಂದೆ ತಂದೆ, ಮುಂದಿನದು ಹಿಂದೆ ಹಾಕಿದೆ. ಮುಂದೆ ಬಂದದ್ದು ಚೆನ್ನಾಗಿ ಹಾಡಿತು. ಹಿಂದೆ ಹೋದದ್ದು ಬಾಯಿ ಮುಚ್ಚಿತು. ಯೂಟ್ಯೂಬಿನಲ್ಲಿ ಹಿಂದಿಯವರು, ತಮಿಳಿನವರು, ಒಬ್ಬ ಮಲಯಾಳಿ, ಎಲ್ಲರ ಮಾತೂ ಕೇಳಿದೆ. ಟಿವಿಯ ಸೆಟ್ಟಿಂಗ್ಸ್ ಬದಲಿಸಿದೆ, ವಾಪಸ್ ಬದಲಿಸಿದೆ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕುವುದು ಎಂದರೆ ಇದೇ ಎಂದು ಆಗ ನನಗೆ ಗೊತ್ತಿರಲಿಲ್ಲ.

ಟೆಸ್ಟ್ ಟೋನ್ ಎಂದು ಒಂದು ಉಂಟು. ರಿಮೋಟಿನಲ್ಲಿ ಒತ್ತಿದರೆ ಒಂದೊಂದೇ ಸ್ಪೀಕರ್ ಸರದಿಯ ಮೇಲೆ ‘ಶ್‌’ ಎನ್ನುತ್ತದೆ. ಸೋಫಾದಲ್ಲಿ ಕೂತು, ಮೇಲೆ ಫ್ಯಾನ್ ಐದರಲ್ಲಿ ಇಟ್ಟು ಒತ್ತಿದೆ. ಮುಂದಿನ ಮೂರೂ ಶ್‌ ಎಂದವು. ಹಿಂದಿನವು ಇಲ್ಲ. ಆ ಹೊತ್ತಿಗೆ ಸುಜಾತ ಅಡುಗೆಮನೆಯಿಂದ ಗಾಬರಿಯಲ್ಲಿ ಬಂದಳು.

“ಇವರೇ, ಗ್ಯಾಸ್ ಲೀಕ್ ಆಗ್ತಾ ಉಂಟಾ? ಬಾಗಿಲ ಹತ್ತಿರ ಶ್ ಅಂತ ಕೇಳ್ತದೆ.”

ಗ್ಯಾಸ್ ನೋಡು, ನನ್ನ ತಲೆ ತಿನ್ನಬೇಡ ಎಂದು ಗದರಿದೆ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಆಮೇಲೆಯೇ ನಾನು ಕುರ್ಚಿ ಹತ್ತಿ ಸ್ಪೀಕರಿಗೆ ಕಿವಿ ಕೊಟ್ಟದ್ದು, ಅಂಚೆಯವರು ಹೆದರಿದ್ದು. ಕಿವಿ ಒತ್ತಿದರೆ ಸಣ್ಣಗೆ ಸದ್ದು ಬರುತ್ತಿತ್ತು. ಅಂದರೆ ಜೀವ ಉಂಟು, ಶಕ್ತಿ ಇಲ್ಲ. ಎಲ್ಲ ಸ್ಪೀಕರ್‌ಗಳ ವೈರ್ ಬಂದು ಸೇರುವ ಪೆಟ್ಟಿಗೆಯನ್ನು ಬಿ.ಸಿ. ರೋಡಿನ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಅವರು ಮುಚ್ಚಳ ಕೂಡ ತೆರೆಯದೆ, ಒಳಗಿನ ಐಸಿ ಹೋಗಿದೆ, ಹೊಸತು ತೆಗೊಳ್ಳಿ ಎಂದರು. ಮನೆಗೆ ತಂದಿಟ್ಟು ಕೂತೆ. ಹೊಸತು ಯಾರಿಗೆ ಬೇಕು? ಅಕ್ಕ ಕೇಳಿದ್ದು ಈ ಪೆಟ್ಟಿಗೆಯಲ್ಲಿ.

ಕೊನೆಗೆ ಹರೀಶನಿಗೆ ಫೋನ್ ಮಾಡಿದೆ. ಮೊದಲು ಇದನ್ನು ಜೋಡಿಸಿ ಕೊಟ್ಟವನು ಅವನೇ. ಲಾಯಿಲದಲ್ಲಿ ಅಂಗಡಿ ಇಟ್ಟಿದ್ದಾನೆ, ನಲವತ್ತರ ಹತ್ತಿರದ ಗೃಹಸ್ಥ. ಮುಂಡಾಜೆಯಲ್ಲಿ ಅಕ್ಕನ ಅಂಗನವಾಡಿಯಲ್ಲಿ ಬೆಳೆದವನು. ಮೊದಲ ಒಂದು ತಿಂಗಳು ಅತ್ತೂ ಅತ್ತೂ ಅಕ್ಕನ ಸೊಂಟದಿಂದ ಇಳಿಯಲಿಲ್ಲವಂತೆ. ಉಪ್ಪಿಟ್ಟು ತಿರುಗಿಸುವಾಗಲೂ ಸೊಂಟದಲ್ಲೇ. ಫೋನಿನಲ್ಲಿ ಟೀಚರ ಮನೆ ಎಂದದ್ದೇ ತಡ, ನಾಳೆಯೇ ಬರ್ತೇನೆ ಎಂದ.

ಬಂದ. ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆಯಲಿಲ್ಲ. ನಾನು ವೈರ್, ಐಸಿ, ಸೆಟ್ಟಿಂಗ್ಸ್ ಎಂದು ಉಪನ್ಯಾಸ ಕೊಟ್ಟೆ. ಸುಮ್ಮನೆ ಕೇಳಿದ. ಆಮೇಲೆ ಸೋಫಾವನ್ನೊಮ್ಮೆ ನೋಡಿ, ನೀವು ಇಲ್ಲಿ ಕೂತು ಕೇಳುವುದಾ ಸರ್ ಎಂದ. ಮತ್ತೆ ಅಟ್ಟದ ಮೇಲೆ ಕೂರುವುದಾ ಎಂದೆ. ಅವನು ನಗಲಿಲ್ಲ. ಟೀಚರ ಕುರ್ಚಿ ಎಲ್ಲಿ ಎಂದ.

ಕುರ್ಚಿ ಹಿಂದಿನ ಜಗಲಿಯಲ್ಲಿತ್ತು. ಮೇಲೆ ಬಟ್ಟೆ ಕ್ಲಿಪ್ಪಿನ ಬುಟ್ಟಿ ಇಟ್ಟಿದ್ದೆವು. ಅವನೇ ಹೋಗಿ ತಂದ, ಒರೆಸಿದ, ಅಡುಗೆಮನೆ ಬಾಗಿಲಿಗೆ ಹಾಕಿದ. ಕೂತುಕೊಳ್ಳಿ ಎಂದ. ಕೂತೆ. ಫ್ಯಾನ್ ಆಫ್ ಮಾಡಿ ಅದೇ ಸಿನಿಮಾ ಹಾಕಿದ.

ಕಳ್ಳ ಹೆಜ್ಜೆಯ ಜಾಗ ಬಂತು.

ಹಿಂದೆ ಒಣಗಿದ ಎಲೆ ತುಳಿದ ಸದ್ದು. ಒಂದು ಹೆಜ್ಜೆ. ಇನ್ನೊಂದು. ಬಲಗಡೆಯಿಂದ ನಿಧಾನವಾಗಿ ಎಡಕ್ಕೆ, ನನ್ನ ಕುತ್ತಿಗೆಯ ಹಿಂದೆಯೇ. ನಾನು ತಿರುಗಿ ನೋಡಿದೆ. ಗೊತ್ತಿದ್ದೂ ತಿರುಗಿ ನೋಡಿದೆ. ಅಡುಗೆಮನೆ ಖಾಲಿ ಇತ್ತು. ಒಲೆ ಆರಿತ್ತು. ಅಕ್ಕ ಬೇಕು ಎನಿಸಿತು. ಐವತ್ತನಾಲ್ಕು ವರ್ಷದ ಗಂಡಸು, ಹರೀಶನ ಎದುರಿಗೇ ಅತ್ತುಬಿಟ್ಟೆ.

ಅವಳಿಗೆ ಕೇಳಿತ್ತು. ಪ್ರತಿಯೊಂದೂ ಕೇಳಿತ್ತು. ಹಾಳಾದದ್ದು ಸ್ಪೀಕರ್ ಅಲ್ಲ, ಅಕ್ಕನ ಕಿವಿಯಲ್ಲ, ತಲೆಯಂತೂ ಅಲ್ಲವೇ ಅಲ್ಲ. ಅಂದು ನಕ್ಕವರೆಲ್ಲ ದಯವಿಟ್ಟು ಇದನ್ನೂ ಓದಿ.

ಹರೀಶ ನೀರು ಕುಡಿದು ವಿವರಿಸಿದ. ಈ ಪೆಟ್ಟಿಗೆಯನ್ನು ಜೋಡಿಸಿದ ದಿನ ಅದರ ಜೊತೆ ಬಂದ ಸಣ್ಣ ಮೈಕನ್ನು ಕೇಳುವವರು ಕೂರುವ ಜಾಗದಲ್ಲಿ ಇಡಬೇಕು. ಪೆಟ್ಟಿಗೆ ತಾನೇ ಎಲ್ಲ ಸ್ಪೀಕರ್‌ಗಳ ದೂರ ಅಳೆಯುತ್ತದೆ. ದೂರದವನ್ನು ಜೋರು ಮಾಡುತ್ತದೆ, ಹತ್ತಿರದವನ್ನು ಮೆಲ್ಲ ಮಾಡುತ್ತದೆ. ಮೈಕ್ ಎಲ್ಲಿಡಲಿ ಎಂದು ಅವನು ಅಂದು ನನ್ನನ್ನು ಕೇಳಿದ್ದನಂತೆ. ನಾನು ಫೋನಿನಲ್ಲಿದ್ದೆನಂತೆ. ಎಲ್ಲಾದರೂ ಇಡು ಮಾರಾಯ, ಬೇಗ ಮುಗಿಸು ಎಂದು ಕೈ ಬೀಸಿದೆನಂತೆ. ಅವನು ಟೀಚರನ್ನು ಕೇಳಿದ. ನಾನು ಕೂರುವುದು ಇಲ್ಲೇ ಎಂದಳು ಅಕ್ಕ. ಕುರ್ಚಿಯ ಮೇಲೆ ಅಕ್ಕಿ ಡಬ್ಬ ಇಟ್ಟು, ಅದರ ಮೇಲೆ ಅವಳ ಕಿವಿಯ ಎತ್ತರಕ್ಕೆ ಮೈಕ್ ಇಟ್ಟ. ಅಳತೆ ಮುಗಿಯುವವರೆಗೆ ಯಾರೂ ಮಾತಾಡಬಾರದು ಎಂದದ್ದಕ್ಕೆ ಅಕ್ಕ ತುಟಿಯ ಮೇಲೆ ಬೆರಳಿಟ್ಟು ನಿಂತಳಂತೆ. ಅಂಗನವಾಡಿ ಮಕ್ಕಳಿಗೆ ತೋರಿಸುವ ಹಾಗೆ.

ಹಿಂದಿನ ಎರಡೂ ಸ್ಪೀಕರ್ ಆ ಕುರ್ಚಿಗೆ ಕೈಗೆಟುಕುವ ದೂರ. ಅದಕ್ಕೇ ಅವು ಅವಳ ಕಿವಿಗೆ ಬೇಕಾದಷ್ಟೇ ಮೆಲ್ಲಗೆ ನುಡಿದವು. ಸೋಫಾದ ತನಕ ಬರಲಿಲ್ಲ. ದೂರ ಹೆಚ್ಚಿದ ಹಾಗೆ ಶಬ್ದ ಕ್ಷೀಣಿಸುತ್ತದೆ ಎಂದು ಇಪ್ಪತ್ತೈದು ವರ್ಷದಿಂದ ಬೋರ್ಡಿನ ಮೇಲೆ ಬರೆದು ಕಲಿಸುತ್ತಿರುವವನು ನಾನು.

ಇದನ್ನು ನನಗೆ ಅಂದೇ ಹೇಳಬಾರದಿತ್ತೇ ಎಂದು ಹರೀಶನ ಮೇಲೆ ರೇಗಿದೆ. (ರೇಗಲು ಬೇರೆ ಯಾರೂ ಸಿಗಲಿಲ್ಲ.)

“ನಾನು ಹೇಳ್ತೇನೆ ಅಂತ ಹೊರಟೆ ಸರ್. ಟೀಚರೇ ಬೇಡ ಅಂದರು. ‘ಅವನು ಒಂದು ದಿನ ನನ್ನ ಹತ್ತಿರ ಬಂದು ಕೂರಲಿ, ಆಗ ಅವನಿಗೇ ಗೊತ್ತಾಗ್ತದೆ’ ಅಂದರು.”

ಎರಡು ನಿಮಿಷದ ಕೆಲಸ, ಮೈಕನ್ನು ಸೋಫಾದ ಮೇಲಿಟ್ಟು ಹೊಸದಾಗಿ ಅಳೆಯುವ ಎಂದ. ಬೇಡ ಎಂದೆ. ಅವನು ಹೊರಟುಹೋದ ಮೇಲೆ ಅಲ್ಲೇ ಕೂತು ಸಿನಿಮಾ ಪೂರ್ತಿ ನೋಡಿದೆ. ಸುಜಾತ ಬಂದು ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡಳು. ಗ್ಯಾಸ್ ವಿಷಯಕ್ಕೆ ಅವಳಲ್ಲಿ ಕ್ಷಮೆ ಕೇಳಿದೆ. ಅವಳು ಕ್ಷಮಿಸಿದಳು. ಕ್ಷಮಿಸಲು ಅವಳಾದರೂ ಇದ್ದಾಳೆ.

ಸೋಫಾದಿಂದ ಆ ಕುರ್ಚಿಗೆ ನಾಲ್ಕು ಹೆಜ್ಜೆ. ಅಷ್ಟು ನಡೆಯಲು ನನಗೆ ಅಕ್ಕ ಇದ್ದ ಐದು ವರ್ಷ ಸಾಲಲಿಲ್ಲವೇ?