ಮಹಾಗನಿ ಗೋಡೆಯ ಫ್ರಿಜ್ಜಿಗೆ ಉಸಿರು ಕೊಟ್ಟ ಯೊಕಾಸ್ತಾ

ಕರೆಂಟು ಹೋಗಿ ಲಿಫ್ಟ್ ನಿಂತಿದೆ. ಜನರೇಟರಿಗೆ ಡೀಸೆಲ್ ಹಾಕಿಸುವ ಸರದಿ ಯಾರದೆಂದು ಈ ಅಪಾರ್ಟ್‌ಮೆಂಟಿನಲ್ಲಿ ಇನ್ನೂ ಜಗಳ ಮುಗಿದಿಲ್ಲ. ಹಾಗಾಗಿ ಫ್ರಿಜ್ ರಿಪೇರಿಯ ಯೊಕಾಸ್ತಾ ಪೆಗೆರೊ ಹೆಗಲ ಮೇಲೆ ಫ್ರಿಜ್ಜಿಗೆ ತುಂಬುವ ಗ್ಯಾಸ್ ಸಿಲಿಂಡರ್, ಕೈಯಲ್ಲಿ ಸಾಮಾನಿನ ಚೀಲ ಹೊತ್ತು ಆರು ಮಹಡಿ ಹತ್ತಿ ಬಂದಿದ್ದಾರೆ. ಸಾಂತೊ ದೊಮಿಂಗೊ ನಗರ ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ, ಇವರ ಅಂಗಿ ಆಗಲೇ ಬೆವರಿಗೆ ತೊಯ್ದು ತೊಪ್ಪೆಯಾಗಿದೆ. ಸೀದಾ ಅಡುಗೆಮನೆಗೆ ನಡೆದು ಮರದ ಗೋಡೆಯ ಹಿಡಿಕೆಗೆ ಕೈ ಹಾಕುತ್ತಾರೆ.

"ಅಯ್ಯೋ, ಕಾದ ಮೈಯಲ್ಲಿ ಫ್ರಿಜ್ ತೆಗೀಬೇಡ ತಾಯಿ! ಬಾಯಿ ಸೊಟ್ಟಗಾಗುತ್ತೆ!" ಅಡುಗೆಯ ಫ್ರೆದೆಸ್ವಿಂದಾ ಕಾಫಿ ಲೋಟ ಹಿಡಿದೇ ಓಡಿ ಬರುತ್ತಾರೆ.

"ಕೆಟ್ಟು ಕೂತಿರೋ ಫ್ರಿಜ್ಜಲ್ಲಿ ತಣ್ಣಗೆ ಏನಿರುತ್ತೆ ಅಕ್ಕಾ? ನೀನು ತಂದಿರೋ ಕಾಫಿನೇ ಇದಕ್ಕಿಂತ ತಣ್ಣಗಿದೆ!"

ನಕ್ಕರೂ ಯೊಕಾಸ್ತಾ ಒಂದು ನಿಮಿಷ ನಿಂತು ಬೆವರು ಒರೆಸಿಕೊಳ್ಳುತ್ತಾರೆ. ಕಾದ ಮೈಗೆ ತಂಪು ತಾಗಿದರೆ ಬಾಯಿ ಸೊಟ್ಟಗಾಗುತ್ತದೆಂದು ನಂಬುವ ಈ ಊರಿನವರೇ ತಾನೆ ಅವರೂ. ಇಸ್ತ್ರಿ ಮಾಡಿ ಎದ್ದವರು ಸಂಜೆಯವರೆಗೆ ಫ್ರಿಜ್ಜಿನ ಹತ್ತಿರ ಸುಳಿಯದ ಮನೆಯಲ್ಲೇ ಅವರೂ ಬೆಳೆದದ್ದು.

ಬೀರುವಿಗಿಂತ ದೊಡ್ಡದಾದ ಈ ಫ್ರಿಜ್ ಹೊರಗಿನಿಂದ ನೋಡಿದರೆ ಕಾಣುವುದೇ ಇಲ್ಲ. ನೆಲದಿಂದ ಸೂರಿನವರೆಗೆ ಕೆಂಪು ಮಹಾಗನಿ ಮರ. ಹಿಡಿಕೆ ಎಳೆದರೆ ಗೋಡೆಯೇ ಬಾಗಿಲಾಗಿ ತೆರೆದು ತಣ್ಣಗೆ ಬೀಸಬೇಕು. ಈಗ ಬೀಸುತ್ತಿಲ್ಲ. ಕಂಪ್ರೆಸರ್ ಸುಟ್ಟಿದೆ, ಅದೂ ಮೂರನೇ ಸಲ. ಮಾರುವ ಅಂಗಡಿಯವರು ಹೊಸದು ಕೊಳ್ಳಿ ಎಂದಿದ್ದಾರೆ. ಅವರ ಮಾತೂ ತಪ್ಪಲ್ಲ, ಎಷ್ಟು ಸಲ ಅಂತ ರಿಪೇರಿ ಮಾಡಿಸುವುದು? ಆದರೆ ಹೊಸ ಫ್ರಿಜ್ಜಿನ ಅಗಲ ಹೆಚ್ಚು. ಅದು ಕೂರಬೇಕಾದರೆ ಈ ಮರವನ್ನೆಲ್ಲ ಕಿತ್ತು ಹಾಕಬೇಕು. ಮನೆಯೊಡತಿ ದೋನ್ಯಾ ನೆರೆಯ್ದಾ ಶುಕ್ರವಾರಕ್ಕೆ ಆಳುಗಳನ್ನು ಕರೆಸಿದ್ದಾರೆ. ಇವತ್ತು ಬುಧವಾರ.

ಯೊಕಾಸ್ತಾ ಕರೆಯದೇ ಬಂದಿರುವುದು ಆ ಮರಕ್ಕಾಗಿ. ಅದನ್ನು ಕೂರಿಸಿದವರು ಅವರ ಅಪ್ಪ ಎಲಿಹಿಯೊ ಪೆಗೆರೊ. ವಿಯಾ ಕೊನ್ಸುವೆಲೊ ಪೇಟೆಯಲ್ಲಿ ಈ ಬಡಗಿಯನ್ನು ಚಿಕ್ಕವರು ದೊಡ್ಡವರೆಲ್ಲ ಕರೆಯುವುದು ಮೇಸ್ತ್ರಿ ಎಂದೇ. ಎಂಬತ್ತು ದಾಟಿದ ಅವರಿಗೆ ತಾವು ಮಾಡಿದ ಮಂಚ, ಮೇಜುಗಳೆಲ್ಲ ಮರೆತುಹೋಗಿವೆ. ಈ ಗೋಡೆಯೊಂದು ಮರೆತಿಲ್ಲ. ಮನೆಗೆ ಯಾರೇ ಬಂದರೂ ಮಾತು ಸುತ್ತಿ ಸುತ್ತಿ ಇಲ್ಲಿಗೇ ಬಂದು ನಿಲ್ಲುತ್ತದೆ.

ಮಗಳ ಕೆಲಸದ ವಿಷಯದಲ್ಲಿ ಮಾತ್ರ ಮೇಸ್ತ್ರಿಯ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕೆಲಸಕ್ಕೆ ನಿಂತ ಹುಡುಗಿ ಮರದ ಪುಡಿಗೆ ಏದುಸಿರು ಬಿಡತೊಡಗಿದಾಗ ತಾಯಿ ಅವಳನ್ನು ಎದುರು ಬೀದಿಯ ಫ್ರಿಜ್ ರಿಪೇರಿ ಅಂಗಡಿಗೆ ಕಳಿಸಿದರು. ಅವಳು ಅಲ್ಲೇ ನೆಲೆ ನಿಂತಳು. ಅಪ್ಪನಿಗೆ ಅದು ತನ್ನನ್ನು ಬಿಟ್ಟು ಹೋದಂತೆ. "ಏನಮ್ಮಾ, ಇವತ್ತು ಎಷ್ಟು ಐಸ್ ಪೆಟ್ಟಿಗೆಗೆ ಸೂಜಿ ಚುಚ್ಚಿದೆ?" ಎಂದು ಚುಡಾಯಿಸುತ್ತಲೇ ಬಂದಿದ್ದಾರೆ. ಶುರುವಿನಲ್ಲಿ ಗಿರಾಕಿಗಳೂ ಕಡಿಮೆ ಕಾಡಿಸಿಲ್ಲ. "ಬಾಗಿಲು ತೆಗೆದವರು ನನ್ನ ಬೆನ್ನ ಹಿಂದೆ ನೋಡೋರು, ಗಂಡಸು ಎಲ್ಲಿ ಅಂತ," ಎನ್ನುತ್ತಾರೆ ಯೊಕಾಸ್ತಾ. "ಅವನು ಗಾಡಿ ನಿಲ್ಲಿಸ್ತಾ ಇದಾನೆ ಅನ್ನುತ್ತಿದ್ದೆ. ಅವನು ಗಾಡಿ ನಿಲ್ಲಿಸಿ ಬರೋಷ್ಟರಲ್ಲಿ ನನ್ನ ಕೆಲಸ ಮುಗಿದಿರೋದು!" ಈಗ ದಿನಕ್ಕೆ ಎರಡು ಮೂರು ಮನೆ, ಬೇಸಿಗೆಯಲ್ಲಿ ಐದೂ ಆಗುತ್ತದೆ.

ಏಣಿ ಹಾಕಿ ಮೇಲಕ್ಕೆ ಹತ್ತಿದ ಯೊಕಾಸ್ತಾ ಫ್ರಿಜ್ಜಿನ ನೆತ್ತಿಯ ಮೇಲಿನ ಹಲಗೆಯನ್ನು ಬೆರಳಿನಿಂದ ತಟ್ಟುತ್ತಾರೆ. ಗಟ್ಟಿ ಮರ. ಅವರ ಮುಖ ಸಪ್ಪಗಾಗುತ್ತದೆ. ಇಂಥ ಫ್ರಿಜ್ಜಿನ ಯಂತ್ರವೆಲ್ಲ ನೆತ್ತಿಯಲ್ಲೇ ಇರುತ್ತದೆ. ಬಿಸಿ ಗಾಳಿ ಹೊರಗೆ ಹೋಗಲು ಅಲ್ಲಿ ಜಾಲರಿ ಇರಬೇಕು. ಇಲ್ಲಿ ಒಂದು ಸೀಳೂ ಇಲ್ಲ.

"ಇದನ್ನ ಯಾರಕ್ಕಾ ಮುಚ್ಚಿಸಿದ್ದು?"

"ನಾನೇ!" ಫ್ರೆದೆಸ್ವಿಂದಾ ಹೆಮ್ಮೆಯಿಂದಲೇ ಹೇಳುತ್ತಾರೆ. "ನಾನು ಇಸ್ತ್ರಿ ಮಾಡೋದು ಇಲ್ಲೇ ಅಲ್ವಾ? ಮೇಲಿಂದ ಬಿಸಿ ಉಸಿರು, ಬಾಗಿಲು ತೆಗೆದರೆ ತಣ್ಣನೆ ಉಸಿರು. ಎರಡರ ಮಧ್ಯ ಸಿಕ್ಕಿ ನನ್ನ ಬಾಯಿ ಕಿವಿಗೆ ಹೋಗಿ ಕೂತ್ಕೊಂಡ್ರೆ? ಮುಚ್ಚಿಬಿಡಿ ಮೇಸ್ತ್ರಿ ಅಂದೆ. ಪುಣ್ಯಾತ್ಮ, ಮುಚ್ಚಿಕೊಟ್ಟ. ನೋಡು, ನನ್ನ ಬಾಯಿ ಇನ್ನೂ ನೆಟ್ಟಗಿದೆ!"

ಫ್ರೆದೆಸ್ವಿಂದಾರ ಬಾಯಿ ಉಳಿಯಿತು, ಕಂಪ್ರೆಸರ್‌ಗಳು ಒಂದೊಂದಾಗಿ ಸತ್ತವು. ಹಿಂದೆ ಬಂದ ಮೆಕ್ಯಾನಿಕ್‌ಗಳೂ ಹಲಗೆ ಇಳಿಸಿ, ರಿಪೇರಿ ಮಾಡಿ, ಮತ್ತೆ ಹಾಗೇ ಕೂರಿಸಿ ಹೋಗಿದ್ದಾರೆ. ಅಷ್ಟು ಚೆಂದದ ಮರಕ್ಕೆ ಗರಗಸ ಹಚ್ಚಲು ಯಾರಿಗೆ ಮನಸ್ಸು ಬರುತ್ತದೆ? ದೋನ್ಯಾ ನೆರೆಯ್ದಾ ಎಲ್ಲ ಕೇಳಿಸಿಕೊಂಡು, "ನಾಳೆ ಗುರುವಾರ ಸಂಜೆಯೊಳಗೆ ತಣ್ಣಗಾದರೆ ಹೊಸದು ಬೇಡ ಅಂತೀನಿ ಮಗಳೇ. ಇಲ್ಲದಿದ್ರೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡ," ಎನ್ನುತ್ತಾರೆ.

ಅಂದು ಅಪ್ಪನಿಗೆ ಊಟಕ್ಕೆ ಬೇಯಿಸಿ ಹಿಸುಕಿದ ಬಾಳೆಕಾಯಿ ಬಡಿಸುತ್ತಾ ಯೊಕಾಸ್ತಾ ವಿಷಯ ಎತ್ತುತ್ತಾರೆ. ಮೇಸ್ತ್ರಿ ಕೆಂಡವಾಗುತ್ತಾರೆ.

"ಆ ಹಲಗೆ, ಬಾಗಿಲು ಎಲ್ಲ ಒಂದೇ ಮರದ್ದು ಕಣೇ! ಕೆಳಗೆ ಶುರುವಾದ ಗೆರೆ ಸೂರಿನ ತನಕ ಎಲ್ಲೂ ತುಂಡಾಗಲ್ಲ. ಅದನ್ನ ಕೊಯ್ಯೋದಾ?"

"ಕೊಯ್ಯದಿದ್ರೆ ಶುಕ್ರವಾರ ಗೋಡೆಗೆ ಗೋಡೆನೇ ಹೋಗುತ್ತೆ ಅಪ್ಪ."

"ಹೋಗ್ಲಿ. ಕಿವಿ ಕೊಯ್ಸಿಕೊಂಡು ನಿಲ್ಲೋದಕ್ಕಿಂತ ಅದೇ ವಾಸಿ."

"ಕಿವಿ ಅಲ್ಲ ಅಪ್ಪ, ಮೂಗು. ಮುಚ್ಚಿರೋದು ನೀನು. ತೆಗಿ ಅಂತಿದೀನಿ ನಾನು."

ಮೇಸ್ತ್ರಿ ತಟ್ಟೆ ಸರಿಸಿ ಎದ್ದು ಹೋಗುತ್ತಾರೆ. "ನಾನೇ ಕೊಯ್ಯಬಹುದಿತ್ತು, ಗರಗಸ ಹಿಡಿಯೋಕೆ ಬರುತ್ತೆ," ಎಂದು ಆಮೇಲೆ ಯೊಕಾಸ್ತಾ ಹೇಳಿದರು. "ಆದ್ರೆ ಅವರ ಮರ ಅದು. ಅವರು ಬೇಡ ಅಂದಮೇಲೆ ನನ್ನ ಕೈ ಏಳಲ್ಲ."

ಗುರುವಾರ ಕರೆಂಟು ಬಂದಿದೆ. ಬೆಳಗಾಗುವ ಮುಂಚೆಯೇ ಯೊಕಾಸ್ತಾ ಮತ್ತೆ ಏಣಿಯ ಮೇಲಿದ್ದಾರೆ. ಅಪ್ಪ ಒಪ್ಪಿಲ್ಲ. ಆದರೂ ತನ್ನ ಪಾಲಿನ ಕೆಲಸವನ್ನಾದರೂ ಮುಗಿಸಬೇಕೆಂಬ ಹಟ. ಹೊಸ ಕಂಪ್ರೆಸರ್ ಕೂರಿಸಿ, ತಾಮ್ರದ ಕೊಳವೆಗೆ ಬೆಸುಗೆ ಹಾಕುತ್ತಾರೆ. ನೀಲಿ ಉರಿಯ ಮುಂದೆ ಅವರ ಕೈ ಒಂದಿಷ್ಟೂ ಅಲ್ಲಾಡುವುದಿಲ್ಲ. ಪಂಪು ಹಚ್ಚಿ ಕೊಳವೆಯೊಳಗಿನ ಗಾಳಿ ತೇವವನ್ನೆಲ್ಲ ಎಳೆದು ಹಾಕಿ, ಗ್ಯಾಸ್ ತುಂಬುವ ಹೊತ್ತಿಗೆ ಬಾಗಿಲಲ್ಲಿ ಕೆಮ್ಮು ಕೇಳುತ್ತದೆ.

ಮೇಸ್ತ್ರಿ ನಿಂತಿದ್ದಾರೆ. ಕಂಕುಳಲ್ಲಿ ಸ್ವಂತ ಗರಗಸ, ಕಿವಿಯ ಮೇಲೆ ಪೆನ್ಸಿಲ್. ಮಗಳ ಕಡೆ ನೋಡುವುದಿಲ್ಲ, ಕೆಳಗಿಳಿಸಿಟ್ಟ ಹಲಗೆಯನ್ನೇ ನೋಡುತ್ತಾರೆ.

"ಎಷ್ಟು ಗಾಳಿ ಬೇಕು ಇದಕ್ಕೆ?"

ಯೊಕಾಸ್ತಾ ಕೈ ಅಗಲಿಸಿ ತೋರಿಸುತ್ತಾರೆ. ಮೇಸ್ತ್ರಿ ಹಲಗೆಯನ್ನು ಬಾಲ್ಕನಿಗೆ ಒಯ್ದು, ಮರದ ಗೆರೆ ಹೇಗೆ ಓಡಿದೆಯೋ ಹಾಗೇ ಬಳುಕಿಸಿ ಸೀಳು ತೆಗೆಯುತ್ತಾರೆ. ಕೊಯ್ಯುವಷ್ಟು ಹೊತ್ತೂ ಫ್ರೆದೆಸ್ವಿಂದಾರಿಗೆ ಬೈಗುಳ ತಪ್ಪುವುದಿಲ್ಲ. ಉಪ್ಪು ಕಾಗದ ಉಜ್ಜಿ, ಎಣ್ಣೆ ಸವರಿ, ಮೇಲೆ ಕೂರಿಸಿ ನೋಡಿದರೆ ಆ ಗೋಡೆ ಮೊದಲಿಗಿಂತ ಚೆಂದ! ನೀರಿನಲ್ಲಿ ಅಲೆ ಎದ್ದ ಹಾಗಿದೆ.

ಯೊಕಾಸ್ತಾ ಸ್ವಿಚ್ ಒತ್ತುತ್ತಾರೆ. ಕಂಪ್ರೆಸರ್ ಸಣ್ಣಗೆ ಗುಂಯ್ ಎನ್ನುತ್ತದೆ. ಮೇಸ್ತ್ರಿ ಎರಡು ಮೆಟ್ಟಿಲು ಏಣಿ ಹತ್ತಿ ಸೀಳಿಗೆ ಅಂಗೈ ಹಿಡಿಯುತ್ತಾರೆ. ಬಿಸಿ ಗಾಳಿ ಬರುತ್ತಿದೆ. "ಉಸಿರಾಡ್ತಾ ಇದೆ ಕಣೇ!" ಎಂದು ಅವರು ಕೂಗಿದಾಗ ಯೊಕಾಸ್ತಾರ ಕಣ್ಣು ತುಂಬಿ ಬರುತ್ತದೆ. ಸಂಜೆಗೆ ಒಳಗಿಟ್ಟ ನೀರು ಮಂಜುಗಟ್ಟಿದೆ. ದೋನ್ಯಾ ನೆರೆಯ್ದಾ ಅಂಗಡಿಗೆ ಫೋನ್ ಮಾಡಿ ಹೊಸ ಫ್ರಿಜ್ಜೂ ಬೇಡ, ಆಳುಗಳೂ ಬೇಡ ಎನ್ನುತ್ತಾರೆ. ಫ್ರೆದೆಸ್ವಿಂದಾ ಗೊಣಗುತ್ತಲೇ ಇಸ್ತ್ರಿ ಮೇಜನ್ನು ಬಾಲ್ಕನಿಗೆ ಸಾಗಿಸುತ್ತಾರೆ.

ಇಳಿಯುವಾಗ ಲಿಫ್ಟ್ ಓಡುತ್ತಿದೆ. ಸಾಮಾನು ಭಾರವೆಂದು ಮೇಸ್ತ್ರಿ ಮಗಳ ಚೀಲ ಹೊತ್ತು ಲಿಫ್ಟಿನಲ್ಲಿ ಮುಂಚೆ ಇಳಿದಿದ್ದಾರೆ. ಕೆಳಗಿನ ಮನೆಯ ಯಜಮಾನರೊಬ್ಬರು ಎದುರಾಗಿ, "ಏನು ಮೇಸ್ತ್ರಿ, ಫ್ರಿಜ್ ಸರಿ ಮಾಡಿಬಿಟ್ಟಿರಂತೆ?" ಎನ್ನುತ್ತಾರೆ.

"ನಾನು ಹೆಲ್ಪರ್ ಸ್ವಾಮಿ," ಎನ್ನುತ್ತಾರೆ ಎಲಿಹಿಯೊ. "ಮೇಸ್ತ್ರಿ ಸಿಲಿಂಡರ್ ತಗೊಂಡು ಹಿಂದೆ ಬರ್ತಾ ಇದಾರೆ."

ಅಷ್ಟರಲ್ಲಿ ಲಿಫ್ಟಿನಿಂದ ಹೊರಬಂದ ಯೊಕಾಸ್ತಾರ ಕಿವಿಗೆ ಅದು ಬಿದ್ದಿದೆ. ಇನ್ನೇನು ಆಸೆಯಿದೆ ಎಂದು ಕೇಳಿದರೆ ಸಿಲಿಂಡರನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಹೇಳುತ್ತಾರೆ: "ಆ ಮಾತನ್ನ ಅಪ್ಪ ಇನ್ನೊಂದು ಸಲ ಹೇಳ್ಲಿ ಅಂತ. ಆದ್ರೆ ನಾನಾಗಿ ಕೇಳಲ್ಲ. ಇನ್ನೊಂದು ಫ್ರಿಜ್ ಕೆಟ್ಟೇ ಕೆಡುತ್ತೆ, ಆವಾಗ ಹೇಳೇ ಹೇಳ್ತಾರೆ."