ಗೋಣಿಚೀಲದ ಕೆಳಗಿನ ಗೌರಿ

ನಾಲ್ಕನೆಯ ಕಂಪ್ಯೂಟರ್ ಇತ್ತು. ಅದು ಎಲ್ಲಿತ್ತು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ನನ್ನ ತಮ್ಮ ಮಾದೇವ ಅಷ್ಟು ಜನರ ಮುಂದೆ ನಿಂತು “ಇದೆ, ಎಲ್ಲೋ ಇದೆ” ಎಂದು ಹೇಳುತ್ತಿದ್ದಾಗ, ಅವರೆಲ್ಲ ನಗುತ್ತಿದ್ದಾಗ, ನಾನು ಬಾಯಿ ತೆರೆಯಲಿಲ್ಲ. ಒಂದು ಮಾತು ಸಾಕಿತ್ತು — ಒಂದೇ ಒಂದು. ಅದನ್ನು ಹೇಳದೆ ಹನ್ನೆರಡು ವರ್ಷ ಕಳೆದೆ.

ಇದನ್ನು ಬರೆಯುವಾಗ ನಿನ್ನೆ ನಡೆದದ್ದು ಇನ್ನೂ ಮೈಯೊಳಗೆ ಕುಣಿಯುತ್ತಿದೆ. ನಾನು ಓದಿದ್ದು ಏಳನೆಯ ತರಗತಿಯವರೆಗೆ. ಹೇಗೆ ಬರುತ್ತದೋ ಹಾಗೆ ಬರೆಯುತ್ತೇನೆ.

ನಾವು ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆನಿಂತವರು. ಹಾರಂಗಿ ನಾಲೆಯ ನೀರಿನ ಚೂರು ಗದ್ದೆ, ಕೊಟ್ಟಿಗೆಯಲ್ಲಿ ಗೌರಿ ಎಂಬ ಹಸು. ಅಪ್ಪನದೊಂದು ಪದ್ಧತಿ ಇತ್ತು — ಗೌರಿ ಹಾಕಿದ ಹೆಣ್ಣುಕರುವಿಗೂ ಗೌರಿ ಎಂದೇ ಹೆಸರು, ಅದರ ಕರುವಿಗೂ ಗೌರಿಯೇ. ನಾನು ಚಿಕ್ಕವಳಿದ್ದಾಗ ಒಂದೇ ಕೊಟ್ಟಿಗೆಯಲ್ಲಿ ಮೂರು ಗೌರಿಯರಿದ್ದರು. ಕರೆದರೆ ಮೂವರೂ ಕತ್ತೆತ್ತುತ್ತಿದ್ದರು. ಯಾರಿಗೂ ಅದರಿಂದ ತೊಂದರೆಯಾಗಲಿಲ್ಲ. ಹೆಸರು ಹಂಚಿಕೊಂಡರೆ ತಪ್ಪೇನು ಎಂದುಕೊಂಡೇ ನಾನು ಬೆಳೆದೆ.

ದೊಡ್ಡವಳಾದ ಮೇಲೆ ಕಾಫಿಯ ಸಿಪ್ಪೆ ಬಿಡಿಸಿ ಹಸನುಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಸ ಗುಡಿಸುವ, ಗೋಣಿ ಹೊಲಿಯುವ ಕೆಲಸಕ್ಕೆ ಸೇರಿದೆ. ಮಾದೇವ ನನಗಿಂತ ಆರು ವರ್ಷ ಚಿಕ್ಕವನು. ಮೈಸೂರಿನಲ್ಲಿ ಕಂಪ್ಯೂಟರ್ ರಿಪೇರಿ ಕಲಿತು ಬಂದಿದ್ದ. ಅವನ ಮೊದಲ ದೊಡ್ಡ ಕೆಲಸ ನಮ್ಮ ವರ್ಕ್ಸ್‌ನಲ್ಲೇ ಸಿಕ್ಕಿತು — ತೂಕದ ಕೋಣೆ, ಆಫೀಸು, ಗೋದಾಮು, ಮೂರು ಕಡೆಯ ಕಂಪ್ಯೂಟರುಗಳನ್ನು ನೀಲಿ ತಂತಿಯಲ್ಲಿ ಒಂದಕ್ಕೊಂದು ಜೋಡಿಸುವುದು. ಆ ಒಂದು ಹಂಗಾಮು ಸರಿಯಾಗಿ ನಡೆದರೆ ಮುಂದಕ್ಕೂ ಎಲ್ಲವನ್ನೂ ಅವನಿಗೇ ವಹಿಸುತ್ತೇನೆ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ಅದನ್ನು ನಂಬಿ ಅವನು ನಾಪೋಕ್ಲುವಿನಲ್ಲಿ ಅಂಗಡಿಗೆ ಜಾಗ ನೋಡಿಟ್ಟಿದ್ದ. ಬೋರ್ಡಿಗೆ ಯಾವ ಬಣ್ಣ ಎಂದು ಕೂಡ ನನ್ನನ್ನು ಕೇಳಿದ್ದ.

“ಅಕ್ಕಾ, ಪ್ರತಿಯೊಂದಕ್ಕೂ ಒಂದ್ ಹೆಸರು ಬೇಕು. ನೀನೇ ಇಡು,” ಎಂದ. ನನಗೋ ಎಲ್ಲಿಲ್ಲದ ಹಿಗ್ಗು! ತೂಕದ ಕೋಣೆಯದಕ್ಕೆ ಗೌರಿ, ಆಫೀಸಿನದಕ್ಕೆ ತುಂಗೆ, ಗೋದಾಮಿನದಕ್ಕೆ ಕಪಿಲೆ. ಅವನು ಹೆಸರು ಎಲ್ಲಿ ಬರೆಯುತ್ತಾನೆ, ಯಾವುದನ್ನು ಒತ್ತುತ್ತಾನೆ ಎಂದು ಪಕ್ಕದಲ್ಲೇ ನಿಂತು ನೋಡಿದೆ. ಕೆಟ್ಟಿದೆ ಎಂದು ಎಂದೋ ಲೆಕ್ಕದ ಪುಸ್ತಕದಿಂದ ತೆಗೆದುಹಾಕಿದ್ದ ಹಳೆಯ ಕಂಪ್ಯೂಟರೊಂದು ಗೋಣಿ ಕೋಣೆಯ ಮೂಲೆಯಲ್ಲಿತ್ತು. ಮಾದೇವನಿಗೆ ಅದನ್ನು ಯಾರೂ ತೋರಿಸಿರಲಿಲ್ಲ. ಅದು ಪೂರ್ತಿ ಕೆಟ್ಟಿರಲಿಲ್ಲ — ನಾನು ಕದ್ದು ಒತ್ತಿ ನೋಡಿದ್ದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು ಅದರಲ್ಲಿ ಅಕ್ಷರ ಒತ್ತುವುದನ್ನು ಕಲಿಯುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಕಸಬರಿಕೆ ಹಿಡಿಯುವವಳಿಗೆ ಇದೆಲ್ಲ ಯಾಕೆ ಎಂದಾರು ಎಂಬ ನಾಚಿಕೆ.

ಜನ ನಕ್ಕ ಆ ದಿನ ಬೆಳಿಗ್ಗೆ ನನ್ನ ಉತ್ಸಾಹ ಹೆಚ್ಚಾಯಿತು. ಮುಂದೆ ಬೇಕಾದೀತೆಂದು ಮಾದೇವ ಆ ಕೋಣೆಗೂ ಎಳೆದಿಟ್ಟಿದ್ದ ನೀಲಿ ತಂತಿ ಗೋಡೆಯಲ್ಲಿ ನೇತಾಡುತ್ತಿತ್ತು. ಅದಿಲ್ಲದೆ ಕಲಿತದ್ದು ಪೂರ್ತಿಯಾಗದೇನೋ ಎಂದುಕೊಂಡು ಸಿಕ್ಕಿಸಿದೆ. ಹೆಸರು ಬರೆಯುವ ಜಾಗ ಹುಡುಕಿದೆ. ಒಂದೊಂದೇ ಅಕ್ಷರ ಒತ್ತಿ ಗೌರಿ ಎಂದು ಬರೆದೆ. ಮತ್ತೆ ಯಾವ ಹೆಸರು ಇಡಬೇಕಿತ್ತು — ನನಗೆ ಗೊತ್ತಿದ್ದದ್ದೇ ಅದು. ಒಮ್ಮೆ ಆರಿಸಿ ಮತ್ತೆ ಹಚ್ಚು ಎಂದು ಪರದೆ ಹೇಳಿತು, ಹಾಗೇ ಮಾಡಿದೆ. ಅಷ್ಟರಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿ, ಪರದೆಯ ಮೇಲೆ ಒಂದು ಬಟ್ಟೆ ಎಸೆದು, ಅದನ್ನು ಹಾಗೇ ಬಿಟ್ಟು ಅಂಗಳ ಗುಡಿಸಲು ಓಡಿದೆ.

ತೂಕದ ಕೋಣೆಯ ಗೌರಿ ಆಮೇಲೆ ಎದ್ದಿತು. ಅದರ ಹೆಸರು ಆಗಲೇ ಗೋಣಿ ಕೋಣೆಯದರ ಪಾಲಾಗಿತ್ತು. ಪರದೆಯ ಮೇಲೆ ಒಂದು ಸಾಲು — ಇದೇ ಹೆಸರಿನ ಇನ್ನೊಂದು ಕಂಪ್ಯೂಟರ್ ಈ ಜಾಲದಲ್ಲಿದೆ. ಆಫೀಸಿನಿಂದ ಗೌರಿಯನ್ನು ಕೇಳಿದರೆ ತೂಕದ ಕೋಣೆ ಉತ್ತರಿಸಲಿಲ್ಲ; ತೂಕದ ಚೀಟಿ ಬರಲಿಲ್ಲ. ಹೊರಗೆ ಟ್ರ್ಯಾಕ್ಟರ್, ಪಿಕಪ್, ಎಲ್ಲ ರಸ್ತೆಯವರೆಗೂ ಸಾಲುಗಟ್ಟಿದವು. ಹಾರ್ನೋ ಹಾರ್ನು!

ಮಾದೇವ ಓಡಿ ಬಂದ. ತಂತಿ ಬದಲಿಸಿದ. ತಂತಿಗಳೆಲ್ಲ ಬಂದು ಸೇರುವ ಮಿಣುಕು ದೀಪದ ಪೆಟ್ಟಿಗೆ ಬದಲಿಸಿದ. ಮೂರರ ಹೆಸರನ್ನೂ ಕಾಗದದಲ್ಲಿ ಬರೆದು ಮತ್ತೆ ಮತ್ತೆ ನೋಡಿದ. ಆಮೇಲೆ ತೂಕದ ಕೋಣೆಯ ತಂತಿಯನ್ನು ಪೂರ್ತಿ ಕಿತ್ತು, ಆಫೀಸಿನಿಂದ ಗೌರಿ ಎಂಬ ಹೆಸರನ್ನು ಕರೆದು ನೋಡಿದ — ಎಲ್ಲಿಂದಲೋ ಉತ್ತರ ಬಂತು. ಅವನ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ.

“ಸಾರ್, ಮೂರಲ್ಲ, ನಾಲ್ಕಿದೆ! ನಾಲ್ಕನೇದು ಎಲ್ಲೋ ಇದೆ!”

ಮ್ಯಾನೇಜರ್ ಪುಸ್ತಕ ತೆರೆದು ತೋರಿಸಿದರು. “ಇಲ್ಲಿ ಮೂರೇ ಇರೋದು ಕಣಪ್ಪ. ನಾಲ್ಕನೇದನ್ನ ಯಾರು ಹೆತ್ರು?”

ಬಾಗಿಲಲ್ಲಿದ್ದ ಡ್ರೈವರುಗಳು ಹೋ ಎಂದು ನಕ್ಕರು. “ಮಾದೇವಣ್ಣ, ನನ್ ಟ್ರ್ಯಾಕ್ಟರ್ ಅಡೀಲಿ ಐತಾ ನೋಡ್ಬಿಡು!”

ಅವರ ಹಿಂದೆ ಕಸಬರಿಕೆ ಹಿಡಿದು ನಿಂತಿದ್ದ ನನಗೆ ಆ ಕ್ಷಣವೇ ತಿಳಿಯಿತು. ಓಡಿದೆ — ಹೇಳುವುದಕ್ಕಲ್ಲ. ಗೋಣಿ ಕೋಣೆಗೆ ಓಡಿ ತಂತಿ ಕಿತ್ತೆ, ವಿದ್ಯುತ್ ಆರಿಸಿದೆ, ಆ ಕಂಪ್ಯೂಟರಿನ ಮೇಲೆ ಗೋಣಿಚೀಲಗಳನ್ನು ಒಟ್ಟಿದೆ. ತಿರುಗುವಷ್ಟರಲ್ಲಿ ಮಾದೇವ ಬಾಗಿಲಲ್ಲಿ.

“ಅಕ್ಕಾ, ಇಲ್ಲಿ ಏನಾದ್ರೂ ಇದ್ಯಾ?”

“ಇಲಿ ಬಿಟ್ರೆ ಇನ್ನೇನಿಲ್ಲ ಮಾರಾಯ.”

ಇಷ್ಟೇ ನಾನು ಹೇಳಿದ್ದು. ಅವನು ಒಂದು ಚೀಲವನ್ನೂ ಎತ್ತಿ ನೋಡಲಿಲ್ಲ. ಅಕ್ಕ ಇಲ್ಲವೆಂದ ಮೇಲೆ ಇಲ್ಲ.

ಅವನು ಹಿಂತಿರುಗಿ ತೂಕದ ಕೋಣೆಯ ಕಂಪ್ಯೂಟರನ್ನು ಮತ್ತೆ ಹಚ್ಚಿದಾಗ ಎಲ್ಲ ಸರಿಯಾಗಿತ್ತು. ಮ್ಯಾನೇಜರ್ ಕೇಳಿದರು, “ಏನ್ ಮಾಡ್ದೆ?” ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ನಾನೇನೂ ಮಾಡಿಲ್ಲ ಸಾರ್. ತಾನಾಗೇ ಹೋಯ್ತು.”

“ತಾನಾಗೇ ಬಂದು ತಾನಾಗೇ ಹೋಗೋದಾದ್ರೆ ನೀನ್ ಯಾಕಪ್ಪಾ ನಮಗೆ?”

ಮುಂದಿನ ವಾರ ಬೇರೆ ಯಾರೋ ಬಂದರು. ನಾಪೋಕ್ಲುವಿನ ಅಂಗಡಿ ಮಾತಿನಲ್ಲೇ ಉಳಿಯಿತು. ‘ನಾಲ್ಕನೇದು ಸಿಕ್ತಾ’ ಎಂಬುದು ಅವನನ್ನು ಕಂಡವರೆಲ್ಲರ ತಮಾಷೆಯಾಯಿತು. ಒಂದು ದಿನ ಅವನು ನನಗೆ ಹೇಳಿದ, “ನಂಗೆ ಈ ಕೆಲ್ಸ ಅರ್ಥ ಆಗಿಲ್ಲ ಅಕ್ಕಾ. ಕಣ್ಣಿಗೆ ಕಂಡದ್ದೂ ಸುಳ್ಳಾಯ್ತು.” ಆಗಲಾದರೂ — ಆಗಲೂ ಹೇಳಲಿಲ್ಲ. ಅವನು ಪಿಕಪ್ ಓಡಿಸಲು ಹೋದ. ಬಿಟ್ಟಂಗಾಲದ ಕಡೆಯ ಎಸ್ಟೇಟುಗಳಿಂದ ಕಾಫಿ ತರುತ್ತಾನೆ.

ಇನ್ನೂ ಇದೆ. ಚೀಟಿ ಓದಬಲ್ಲೆ ಎಂದು ತಿಳಿದು ಕೆಲವು ವರ್ಷಗಳ ನಂತರ ವರ್ಕ್ಸ್‌ನವರು ನನ್ನನ್ನೇ ತೂಕದ ಕೋಣೆಯಲ್ಲಿ ಕೂರಿಸಿದರು. ಉಳಿದ ವಿದ್ಯೆ ಕಲಿಸಿದ್ದು ಯಾರೆಂದುಕೊಂಡಿರಿ? ಮಾದೇವನೇ. ಮನೆಯ ಜಗಲಿಯಲ್ಲಿ ಕೂತು, ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು, ಎಷ್ಟು ತಾಳ್ಮೆಯಿಂದ! ನಾನು ಕಲಿತೆ. ಕಲಿಯುತ್ತ ಅವನ ಮುಖ ನೋಡಲಾಗುತ್ತಿರಲಿಲ್ಲ.

ನಿನ್ನೆ ಎರಡನೆಯ ಗೇಟಿಗೆ ಹೊಸ ಕಂಪ್ಯೂಟರ್ ಬಂತು. ಅದನ್ನು ಹಚ್ಚಿದ ಕೂಡಲೇ ನನ್ನ ಪರದೆಯ ಮೇಲೆ ಅದೇ ಸಾಲು! ಹನ್ನೆರಡು ವರ್ಷದ ಮೇಲೆ ಅದೇ ಮಾತು — ಇದೇ ಹೆಸರಿನ ಇನ್ನೊಂದು ಇದೆ. ಹೊರಗೆ ಹಾರ್ನು, ಒಳಗೆ ಹೊಸ ಮ್ಯಾನೇಜರ್ ಮೇಡಂ ಫೋನ್ ಹಿಡಿದು ಯಾರನ್ನೋ ಕರೆಯುತ್ತಿದ್ದರು. “ತಾಳಿ ಮೇಡಂ, ನಾನ್ ನೋಡ್ತೀನಿ,” ಎಂದೆ. ಮಾದೇವ ಅಂದು ಮಾಡಿದ್ದನ್ನೇ ಮಾಡಿದೆ. ನನ್ನ ತಂತಿ ಕಿತ್ತೆ, ಆಫೀಸಿನಿಂದ ಗೌರಿಯನ್ನು ಕರೆದೆ — ಉತ್ತರ ಬಂತು! ಹೊಸದರ ಬಳಿ ಓಡಿ ಅದರ ಹೆಸರು ತೆರೆದು ನೋಡಿದರೆ, ಗೌರಿ. ತಂದುಕೊಟ್ಟವನು ನನ್ನ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ನಕಲು ಮಾಡಿ ಹಾಕಿದ್ದ, ಹೆಸರನ್ನೂ ಬಿಡದೆ. ಅದಕ್ಕೆ ಕಾವೇರಿ ಎಂದು ಬರೆದು, ಆರಿಸಿ, ಮತ್ತೆ ಹಚ್ಚಿದೆ. ತೂಕದ ಕೋಣೆಗೆ ಮರಳಿ ನನ್ನ ತಂತಿ ಸಿಕ್ಕಿಸಿದೆ. ಚೀಟಿ ಸರ್ರನೆ ಹೊರಬಂತು! ನಾನು ಚಪ್ಪಾಳೆ ತಟ್ಟಿಬಿಟ್ಟೆ, ಈ ವಯಸ್ಸಿನಲ್ಲಿ.

“ಜಯಕ್ಕಾ, ಇದೆಲ್ಲ ನಿಮಗೆ ಯಾರು ಹೇಳ್ಕೊಟ್ರು?” ಎಂದರು ಮೇಡಂ.

ನಾನು ಕಿಟಕಿಯ ಹೊರಗೆ ನೋಡಿದೆ. ಸಾಲಿನಲ್ಲಿ ಐದನೆಯದು ಮಾದೇವನ ಪಿಕಪ್. ಯಾರೋ ಕೂಗುತ್ತಿದ್ದರು, “ಮಾದೇವಣ್ಣಾ, ನಿನ್ ನಾಲ್ಕನೇದು ವಾಪಸ್ ಬಂತಂತೆ ಕಣೋ!” ಅವನು ನಕ್ಕ. ಹನ್ನೆರಡು ವರ್ಷ ನಕ್ಕು ನಕ್ಕು ರೂಢಿಯಾದ ನಗು ಅದು.

ಕುರ್ಚಿ ಹಿಂದಕ್ಕೆ ಬಿತ್ತು. ಎತ್ತಲಿಲ್ಲ. ಚಪ್ಪಲಿಯೂ ಹಾಕದೆ ಅಂಗಳ ದಾಟಿ ಓಡಿದೆ. ಕೂಗಿದವನೂ, ಉಳಿದ ಡ್ರೈವರುಗಳೂ, ಬಾಗಿಲಿಗೆ ಬಂದ ಮೇಡಂ ಕೂಡ ನೋಡುತ್ತಿದ್ದರು. ನೋಡಲಿ. ಅಂದು ಅವನನ್ನು ನೋಡಿ ನಕ್ಕದ್ದೂ ಇಷ್ಟೇ ಜನರ ಮುಂದೆ. ಪಿಕಪ್‌ನ ಬಾಗಿಲು ಹಿಡಿದುಕೊಂಡೆ. ಮೆಲ್ಲಗೆ ಹೇಳಬೇಕೆಂದು ಎಷ್ಟೋ ವರ್ಷ ಅಂದುಕೊಂಡಿದ್ದೆ, ಆದರೆ ದನಿ ತಾನಾಗಿ ಏರಿತು:

“ಮಾದೇವಾ, ನಾಲ್ಕನೇದು ಇತ್ತು ಕಣೋ. ಗೋಣಿ ಕೋಣೇಲಿತ್ತು. ಅದಕ್ಕೂ ಗೌರಿ ಅಂತ ಹೆಸರಿಟ್ಟಿದ್ದು ನಾನು, ತಂತಿ ಕಿತ್ತು ಗೋಣಿ ಮುಚ್ಚಿದ್ದೂ ನಾನೇ. ನೀನ್ ಹೇಳಿದ್ದೇ ಸರಿ ಇತ್ತು, ಅವತ್ತೂ ಸರಿ ಇತ್ತು. ನಾನು ಸುಳ್ಳು ಹೇಳಿದ್ದು. ತಪ್ಪಾಯ್ತು ಕಣೋ ತಮ್ಮಾ. ನಂದೇ ತಪ್ಪು.”